ಹಿಂದಿನ ಎಡ ಚಕ್ರ

ಶಬ್ದ ಹೇಗುಂಟು, ಮೊದಲು ಅದು ಹೇಳಿ, ಅಂದೆ.
ಮ್ಯಾನೇಜರು ನಂಬ್ಯಾರ್ ಕಣ್ಣು ಮುಚ್ಚಿ ನೆನೆದರು:
ಸ್ಲೇಟಿನ ಮೇಲೆ ಉಗುರು.
ಬಗ್ಗಿ ಓಡಿಸುವ ಪ್ರಜಿನಾ, ಅಲ್ಲ,
ಎಣ್ಣೆ ಕಾಣದ ಬಾವಿರಾಟೆ.
ಹದಿನಾಲ್ಕನೇ ಕೋಣೆಯ ಹೊಸ ಜೋಡಿ
ದೂರಿನ ಪುಸ್ತಕದಲ್ಲಿ ಬರೆದಿದ್ದರಂತೆ:
ಬೆಳಗ್ಗೆ ಐದಕ್ಕೇ ನಿಮ್ಮ ನವಿಲು ಕೂಗುತ್ತದೆ,
ದಯವಿಟ್ಟು ಕಟ್ಟಿಹಾಕಿ.

ಎಲ್ಲ ಬರೆದುಕೊಂಡೆ, ಬೀಡಿಕಟ್ಟಿನ ಕಾಗದದ ಹಿಂದೆ.
ಎಂಥ ಮುತುವರ್ಜಿಯ ಮನುಷ್ಯ ಅಂದುಕೊಂಡಿರಬೇಕು.

ಕುಂಬಳೆಯಿಂದ ಪ್ಯಾಸೆಂಜರು ಹಿಡಿದು
ಕೋಟಿಕುಳದಲ್ಲಿ ಇಳಿದಿದ್ದೆವು
ಜಾಕು, ಸ್ಪ್ಯಾನರಿನ ಚೀಲ, ನಾನು, ಮಿದ್‌ಲಾಜ್.
ಚೀಲಕ್ಕಿಂತ ಅವನೇ ಮುಖ್ಯ. ಅವನಿಗೆ ಗೊತ್ತಿಲ್ಲ.

ಬೇಕಲದ ಈ ರೆಸಾರ್ಟಿನಲ್ಲಿ ಗಾಲ್ಫ್ ಯಾರೂ ಆಡುವುದಿಲ್ಲ,
ಗಾಡಿಯ ಹೆಸರು ಮಾತ್ರ ಗಾಲ್ಫ್ ಗಾಡಿ.
ಹುಲ್ಲು ಬೆಳೆಸಿದ್ದು ಮದುವೆಯ ಫೋಟೋಕ್ಕೆ.

ಮುಂದಿನ ಟಯರಿಗೆ ಮುರಕಲ್ಲು ಅಡ್ಡ ಕೊಟ್ಟು
ಹಿಂದಿನ ಎಡ ಚಕ್ರ ಎತ್ತಿದೆವು.
ನಾಲ್ಕು ನಟ್ಟು, ಒಂದು ಸೀಳುಪಿನ್ನು,
ಡ್ರಮ್ಮು ಬರಲೊಲ್ಲದು.
ಕೊಡತಿಯಲ್ಲಿ ಸುತ್ತ ತಟ್ಟಿದೆ,
ಹಲಸು ಬಲಿತಿದೆಯೋ ನೋಡುವಷ್ಟು ಮೆಲ್ಲಗೆ.

ಈ ಶಬ್ದ ನನಗೆ ಕೇಳುತ್ತದೆ.
ದಪ್ಪದ್ದೆಲ್ಲ ಕೇಳುತ್ತದೆ.

ಹೋದ ವರ್ಷ ಮಂಗಳೂರಿನಲ್ಲಿ ಒಬ್ಬಳು ಹುಡುಗಿ
ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ
ಕೇಳಿಸಿದಾಗ ಬೆರಳೆತ್ತಿ ಅಂದಳು.
ಬೆರಳು ತುಂಬ ಹೊತ್ತು ತೊಡೆಯ ಮೇಲೇ ಇತ್ತು.
ಗಾಜಿನಾಚೆ ಅವಳು ಗುಂಡಿ ಒತ್ತುತ್ತಲೇ ಇದ್ದಳು.

ಮೂವತ್ತೊಂದು ವರ್ಷ ಲಾರಿಯ ತಗಡು ಬಡಿದ ಕಿವಿ.
ಮನೆಯಲ್ಲಿ ಹೇಳಿಲ್ಲ, ಕುಕ್ಕರಿನ ಸೀಟಿ ಇನ್ನೂ ದಕ್ಕುತ್ತದೆ.
ಶೆಡ್ಡಿನಲ್ಲಂತೂ ಹೇಳುವಂತಿಲ್ಲ.

ಡ್ರಮ್ಮು ಬಿಟ್ಟಿತು. ಒಳಗೆ ಒಂದು ಮುಷ್ಟಿ ಕಡಲು:
ಮರಳು, ಉಪ್ಪು ತಿಂದ ತುಕ್ಕು, ಚಿಪ್ಪಿನ ಚೂರು.
ಊದಬೇಡ, ಮಿದ್‌ಲಾಜ್,
ಈ ಧೂಳು ಎದೆಗೆ ಹೋದರೆ ಹೊರಗೆ ಬರುವುದಿಲ್ಲ,
ಒದ್ದೆ ಬಟ್ಟೆ ತಾ.

ಶೂ ಎರಡೂ ಕನ್ನಡಿಯ ಹಾಗೆ ಮಿನುಗುತ್ತಿದ್ದವು.
ಮಿನುಗುವುದು ಹಿಡಿಯುವುದಿಲ್ಲ,
ಜಾರುತ್ತದೆ, ನಡುಗುತ್ತದೆ, ಮತ್ತೆ ಕೂಗು.
ಎಂಬತ್ತರ ಮರಳುಕಾಗದದಲ್ಲಿ ಓರೆಯಾಗಿ ಉಜ್ಜಿ
ಹೊಳಪು ತೆಗೆದೆವು. ಅಂಚನ್ನು ಅರದಲ್ಲಿ ತುಸು ಸವರಿದೆ.
ತಗಡಿಗೆ ಶೂ ತಾಗುವ ಕಡೆ ಸಾಸಿವೆಯಷ್ಟು ಗ್ರೀಸು,
ಹೆಚ್ಚು ಬೇಡ,
ಲೈನಿಂಗಿಗೆ ಹತ್ತಿದರೂ ಗಾಡಿ ಮೌನವಾಗುತ್ತದೆ.
ಅದು ಬೇರೆ ಮೌನ, ಗೋಡೆಯವರೆಗೆ ಹೋಗಿ ನಿಲ್ಲುವಂಥದ್ದು.

ಪ್ರಜಿನಾ ಇಳಿಜಾರಿನಲ್ಲಿ ಬಿಟ್ಟಳು.
ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಪಕ್ಕದಲ್ಲಿ ನಡೆದೆ.
ಅಂಗೈಗೆ ಇರುವೆ ಹರಿದಷ್ಟು.
ಇನ್ನೂ ಉಂಟು ಆಶಾನೇ, ಚಿಕ್ಕದು, ಅಂದ ಮಿದ್‌ಲಾಜ್.
ಉಂಟು, ಅಂದೆ ನಾನೂ.

ಮತ್ತೆ ಬಿಚ್ಚಿದೆವು.
ಶೂವಿನ ಮೈಯಲ್ಲಿ ಹೂತ ಒಂದು ಚಿಪ್ಪಿನ ಕಣ,
ಅಕ್ಕಿನುಚ್ಚಿನಷ್ಟೂ ಇಲ್ಲ.
ಪಿನ್ನಿನಲ್ಲಿ ಕೀಳಿದವನು ಅವನೇ,
ನನ್ನ ಕನ್ನಡಕ ಬೆವರಿತ್ತು.

ಎರಡನೇ ಸಲ ಅಂಗೈಗೆ ಏನೂ ಇಲ್ಲ.
ನಂಬ್ಯಾರರ ಮುಖ ನೋಡಿದೆ, ಫೋನಿನಲ್ಲಿದ್ದರು.
ಪ್ರಜಿನಾ ಬ್ರೇಕು ಒತ್ತಿ, ಬಿಟ್ಟು, ಒತ್ತಿ
ಚಪ್ಪಲಿ ಸರಿಮಾಡಿಕೊಂಡಳು.
ಯಾರೂ ಏನೂ ಹೇಳದಿರುವಾಗ
ಗುಣವಾಯಿತೋ ಇಲ್ಲವೋ ಹೇಗೆ ತಿಳಿಯುವುದು ಮಾರಾಯ?

ನಿಂತಿತಾ? ಅಂತ ಕೇಳಿಯೇ ಬಿಟ್ಟೆ.
ಮೇಲಿಂದಲೇ ನಿಂತಿತ್ತಲ್ಲ, ನಿಮಗೆ...
ಅಂದವನು ಅಲ್ಲಿಗೇ ನಿಲ್ಲಿಸಿ
ಸ್ಪ್ಯಾನರು ಒರೆಸತೊಡಗಿದ,
ಒರೆಸಿದ್ದನ್ನೇ ಮತ್ತೆ.

ವಾಪಸು ಬರುವಾಗ ರೈಲಿನಲ್ಲಿ ಮಾತಿಲ್ಲ.
ಚಂದ್ರಗಿರಿ ದಾಟಿತು, ಮೊಗ್ರಾಲ್ ದಾಟಿತು.
ಕುಂಬಳೆ ಹತ್ತಿರ ಗಾಡಿ ನಿಧಾನವಾದಾಗ
ಎದುರು ಕೂತ ಹೆಂಗಸು ಮುಖ ಹಿಂಡಿ
ಮಗುವಿನ ಕಿವಿ ಮುಚ್ಚಿದಳು.

ಮಿದ್‌ಲಾಜ್ ಕಿಟಕಿಯ ಕಡೆ ನೋಡುತ್ತ
ತೊಡೆಯ ಮೇಲಿಂದ ಒಂದು ಬೆರಳು ಎತ್ತಿದ.
ಎತ್ತಿಯೇ ಇದ್ದ.
ಗಾಡಿ ನಿಂತ ಮೇಲೆ ಇಳಿಸಿದ.