ತೃತೀಯಾ ವಿಭಕ್ತಿ

ಗುರುವಾರ ರಾತ್ರಿ, ಸೊಹಾರಿನಲ್ಲಿ ನನಗೆ ಬಟ್ಟೆ ಒಗೆಯುವ ಹೊತ್ತು.
ಯಂತ್ರ ತಿರುಗುವ ಮುಕ್ಕಾಲು ಗಂಟೆ ಪೂರ್ತಿ ನನ್ನದು.
ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪು,
ಡಿಗ್ರಿ ಮಕ್ಕಳ ಬರವಣಿಗೆ ಕೈಪಿಡಿಗೆ
ನನ್ನ ಪಾಲಿನ ಪುಟ ಬರೆಯುತ್ತೇನೆ.

ಎಲ್ಲರೂ ಸೇರಿ ಕಟ್ಟುವ ಪುಸ್ತಕ, ಯಾರ ಹೆಸರೂ ಇಲ್ಲ.
ಪ್ರಬಂಧದ ಮೊದಲ ಸಾಲನ್ನು ತರೀಕೆರೆಯ ಷಡಕ್ಷರಿ ಮೇಷ್ಟ್ರು ಹಿಡಿದಿದ್ದಾರೆ.
ಅಲ್ಪವಿರಾಮ ದೋಹಾದ ಫ್ಲೋಸಿಬಾಯಿಯದು,
ಆಸ್ಪತ್ರೆಯ ನೈಟ್ ಡ್ಯೂಟಿಯಲ್ಲಿ ಒಂದೊಂದೇ ಇಡುತ್ತಾರೆ
ಕಣ್ಣಿಗೆ ಔಷಧಿಯ ಹನಿ ಬಿಟ್ಟ ಹಾಗೆ.
ಉಳಿದದ್ದು ಕರ್ಮಣಿ ಪ್ರಯೋಗ. ಯಾರಿಗೂ ಬೇಡವಾಗಿತ್ತು.
ನಾನು ಕೈಯೆತ್ತಿದೆ.
ಹನ್ನೊಂದು ವರ್ಷದಿಂದ ನನ್ನ ಅನ್ನವೇ ಅದು.

ಕಾರ್ಖಾನೆಯ ಸುರಕ್ಷಾ ವಿಭಾಗದಲ್ಲಿ
ಏನಾದರೂ ಆದರೆ ಬರೆಯುವವಳು ನಾನು.
ಬಿದ್ದದ್ದು, ಸುಟ್ಟದ್ದು, ಬೆರಳು ಸಿಕ್ಕಿಕೊಂಡದ್ದು.
ಷಾಜಿ ಸಾರ್ ಓದಿ, ಕೆಂಪು ಪೆನ್ನಿನಲ್ಲಿ ಮೆಲ್ಲಗೆ
ಹೆಸರುಗಳನ್ನು ಹೊಡೆದುಹಾಕುತ್ತಾರೆ.
"ಯಾರು ಅಂತ ಯಾಕೆ ಮೋಳೇ, ಏನಾಯ್ತು ಅಂತ ಸಾಕು."
ಒಳ್ಳೆಯವರೇ. ಈದಿಗೆ ಎಲ್ಲರಿಗೂ ಬಿರಿಯಾನಿ ತರಿಸುತ್ತಾರೆ.

ಪುಟದಲ್ಲಿ ಬರೆದೆ:
ಕರ್ತರಿಯಲ್ಲಿ ಮಾಡಿದವರು ಮುಂದೆ ನಿಲ್ಲುತ್ತಾರೆ.
ಕರ್ಮಣಿಯಲ್ಲಿ ಹಿಂದೆ ಸರಿಯುತ್ತಾರೆ, ಆಗ ಅವರಿಗೆ 'ಇಂದ' ಹತ್ತುತ್ತದೆ,
ತೃತೀಯಾ ವಿಭಕ್ತಿ.
ಬೇಡವೆಂದರೆ ಅವರನ್ನು ಪೂರ್ತಿ ಬಿಡಬಹುದು.
ಬಿಟ್ಟರೂ ವಾಕ್ಯ ಬೀಳುವುದಿಲ್ಲ.
ಉದಾಹರಣೆ: ಏಳನೇ ಅಟ್ಟಣಿಗೆಯ ತಡೆಕಂಬಿ ಮೊದಲೇ ತೆಗೆಯಲ್ಪಟ್ಟಿತ್ತು.

ಶನಿವಾರ ನೋಡಿದರೆ ತಡೆಕಂಬಿ ಇಲ್ಲ.
ಅದರ ಜಾಗದಲ್ಲಿ ಯಾರೋ ಇಟ್ಟಿದ್ದರು:
ರಾಣಿಯಿಂದ ಹೂವು ಕೊಯ್ಯಲ್ಪಟ್ಟಿತು.
ಪಕ್ಕದಲ್ಲಿ ಸಣ್ಣ ಅಕ್ಷರ,
ಮಕ್ಕಳಿಗೆ ಸರಳವಾದದ್ದು ಇರಲಿ, ದಯವಿಟ್ಟು.

ನಗು ಬಂತು. ಆಮೇಲೆ ಬರಲಿಲ್ಲ.
ಮೊಫಿಜುಲ್ ನೋವಾಖಾಲಿಯವನು, ಊಟದ ಡಬ್ಬಿಗೆ
ಹಸಿರು ಟೇಪು ಕತ್ತರಿಸಿ ಹೆಸರು ಅಂಟಿಸಿದ್ದ.
ವರದಿಯಲ್ಲಿ ಅವನು 'ಒಬ್ಬ ಗುತ್ತಿಗೆ ಕಾರ್ಮಿಕ'.
ಡಬ್ಬಿ ನನ್ನ ಮೇಜಿನ ಮೇಲೆ ಹದಿನಾರು ದಿನ ಇತ್ತು.
ಆಮೇಲೆ ಒಯ್ಯಲ್ಪಟ್ಟಿತು.

ಹೂವನ್ನು ಇರಲು ಬಿಟ್ಟೆ. ಅದರ ವ್ಯಾಕರಣ ಸರಿಯಿದೆ.
ಕೆಳಗೆ, ಅಭ್ಯಾಸ ಎಂದು, ಒಂದೇ ಸಾಲು ಸೇರಿಸಿದೆ:
ಬಿಟ್ಟ ಸ್ಥಳ ತುಂಬಿ, ಕರ್ತರಿಗೆ ತಿರುಗಿಸಿ.
. . . . . . ಇಂದ ತಡೆಕಂಬಿ ತೆಗೆಯಲ್ಪಟ್ಟಿತ್ತು.

ಈಗ ವಾರವಾರ ಉತ್ತರ ಬರುತ್ತವೆ.
ಗಾಳಿ ತೆಗೆಯಿತು, ಎಂದು ಸಿಂಧನೂರಿನ ಹುಡುಗಿ.
ಕಳ್ಳರು ತೆಗೆದರು, ಗುಜರಿಗೆ ಹಾಕಲು.
ಬಣ್ಣ ಬಳಿಯುವವರು ತೆಗೆದು ಮರೆತರು,
ಇವನ ಮನೆಯಲ್ಲಿ ಯಾರೋ ಸಾರುವೆ ಹತ್ತಿದವರಿರಬೇಕು.
ಇಳಕಲ್ಲಿನ ಒಬ್ಬ, ಸಾಲಿಗೆರಡು ಕಾಗುಣಿತ ತಪ್ಪು ಮಾಡುವವನು,
ಉತ್ತರ ಬರೆಯದೆ ನನ್ನನ್ನೇ ಕೇಳಿದ್ದಾನೆ:
"ಮೇಡಂ, ತೆಗದವರು ಗೊತ್ತಾಗಲಿಲ್ಲ. ಬಿದ್ದವರು ಯಾರು?"

ಯಂತ್ರ ನಿಂತಿತು. ಬಟ್ಟೆ ಒಳಗೆ ಮುದ್ದೆಯಾಗಿ ಕೂತಿದೆ.
ಅವನ ಗಕಾರಕ್ಕೆ ಎತ್ವ ಕೊಟ್ಟೆ.
ಅದರ ಕೆಳಗೆ ಹೆಸರು ಬರೆದೆ, ಊರು ಬರೆದೆ,
ಹಸಿರು ಟೇಪನ್ನೂ ಬರೆದೆ.

ಆಮೇಲೆ ಬಿಟ್ಟ ಸ್ಥಳಕ್ಕೆ ಬಂದೆ.
ಕಂಬಿ ತೆಗೆಯಲು ಆವತ್ತು ಕೊಟ್ಟ ಅನುಮತಿ ಚೀಟಿಯಲ್ಲಿ
ಸಹಿ ಷಾಜಿ ಸಾರರದು.
ಟೈಪು ನನ್ನದು.
ಚುಕ್ಕೆಗಳನ್ನು ಒಂದೊಂದಾಗಿ ಅಳಿಸುತ್ತ
'ಇಂದ'ದ ಹತ್ತಿರ ಬಂದು ನಿಂತಿದ್ದೇನೆ.