ನೀರುಗಂಟಿಯ ಮಗಳು

ಸಂಜೆ ಐದೂವರೆಗೆ ಫೋನು:
"ಅಕ್ಕಾ, ಡೇರಿ ನೆಟ್ಟು ಮಲಗ್ಬುಡ್ತು ಕಣಕ್ಕ,
ಕ್ಯಾನು ಹಿಡ್ಕಂಡು ಜನ ರಸ್ತೆಗಂಟ ನಿಂತವ್ರೆ."
ಪಾಂಡವಪುರದಿಂದ ಬೂದಿಕೊಪ್ಪಲಿಗೆ ಹನ್ನೊಂದು ಕಿಲೋಮೀಟರು,
ನಾಲೆ ಏರಿಯ ಮೇಲೆ ಗಾಡಿ,
ಚೀಲದಲ್ಲಿ ಕ್ರಿಂಪರು, ಟೆಸ್ಟರು, ಮೂರು ಮೊಳ ಒಳ್ಳೆಯ ಕೇಬಲ್ಲು.

ನಮ್ಮಪ್ಪ ನೀರುಗಂಟಿ.
ಕೊನೆ ಗದ್ದೆಗೆ ನೀರು ಬರಲಿಲ್ಲವೆಂದು ಯಾರಾದರೂ ಕೂಗಿದರೆ
ಅವನು ಕಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.
ಹೆಗಲಿಗೆ ಗುದ್ದಲಿ, ಆ ಗದ್ದೆಯ ಬದುವಿನಿಂದಲೇ ಹಿಂದಕ್ಕೆ ಹೆಜ್ಜೆ:
ಕಿರುಗಾಲುವೆ, ತೂಬು, ಹಿರಿಗಾಲುವೆ,
ಎಲ್ಲಿಯತನಕ ಒಣಗಿದೆ, ಎಲ್ಲಿ ತೇವ.
ಎರಡೂ ಕೂಡುವ ಜಾಗದಲ್ಲೇ ತೊಂದರೆ, ಅಷ್ಟೆ.
ಡಿಪ್ಲೊಮಾ ನನಗೆ ಏಳು ಪದರ ಕಲಿಸಿತು,
ಅಪ್ಪ ಈ ಒಂದು ನಡಿಗೆ.

ಡೇರಿ. ಹಾಲಿನ ಹುಳಿವಾಸನೆ, ಫ್ಯಾಟು ಅಳೆಯುವ ಯಂತ್ರದ ಗುಂಯ್.
ಕಾರ್ಯದರ್ಶಿ ಶಿವನಂಜೇಗೌಡರ ಕೈಯಲ್ಲಿ ಆಗಲೇ ಗುಂಡುಸೂಜಿ,
ರೂಟರಿನ ಬೆನ್ನಿನ ಸಣ್ಣ ತೂತಿಗೆ ಗುರಿ.
"ಅಯ್ಯೋ, ಬುಡಿ ಸ್ವಾಮಿ! ಅಲ್ಲಿ ಚುಚ್ಚಿದ್ರೆ
ಅದಕ್ಕೆ ಗೊತ್ತಿರೋದೆಲ್ಲ ಮರ್ತೋಯ್ತದೆ,
ಹೆಸ್ರು, ಗುಟ್ಟು, ಯೂನಿಯನ್ನಿನ ದಾರಿ.
ಆರ್ಸಿ ಹಚ್ಚೋದು ಬೇರೆ, ಅಳ್ಸಿ ಬರೆಯೋದು ಬೇರೆ."

ನಿಂಗರಾಜ ನನ್ನ ಜೊತೆ ಸೇರಿ ಮೂರು ವಾರ.
ಮೊದಲು ಕಣ್ಣು, ಆಮೇಲೆ ಕೈ, ಎಂದೆ.
ದೀಪ ನೋಡು. ಆರಿದ್ದರೆ ತಂತಿ ಸತ್ತಿದೆ,
ಮಿಣುಕಿದರೆ ಮಾತಾಡುತ್ತಿದೆ.
ಈ ಸ್ವಿಚ್ಚಿನಲ್ಲೋ ದೀಪಗಳೆಲ್ಲ ಒಟ್ಟಿಗೆ
ಹುಚ್ಚು ಹಿಡಿದ ಹಾಗೆ, ಉಸಿರು ತೆಗೆಯದೆ.

ಕಂಪ್ಯೂಟರಿನ ವಿಳಾಸ ಓದಿದ:
"ನೂರ ಅರವತ್ತೊಂಬತ್ತರಿಂದ ಶುರುವಾಯ್ತದೆ ಅಕ್ಕ."
ಅಂದರೆ ಯಾರೂ ಹೆಸರಿಟ್ಟಿಲ್ಲ;
ಬಾಗಿಲು ಬಡಿದು ಬಡಿದು ಸಾಕಾಗಿ
ತಾನೇ ಒಂದು ಹೆಸರಿಟ್ಟುಕೊಂಡಿದೆ.
ಪಿಂಗು ಹೊಡಿ, ಊರಾಚೆಗಲ್ಲ, ಪಕ್ಕದ ರೂಟರಿಗೆ.
ನೆರೆಯವನೇ ಓಗೊಡದಿದ್ದಾಗ
ಮಂಡ್ಯದವರನ್ನು ಬೈದೇನು ಫಲ?
ಅಂಕಿ ಹಿಡಿದು ಕೂಗಿದರೆ ಓಗೊಟ್ಟು
ಹೆಸರು ಹಿಡಿದು ಕೂಗಿದರೆ ಸುಮ್ಮನಿದ್ದರೆ
ಅದು ಬೇರೆ ಕಾಯಿಲೆ, ಇವತ್ತಿನದಲ್ಲ.

ಒಂದು ತಂತಿ ಕೀಳು, ಕಾಯಿ, ನೋಡು, ಮತ್ತೊಂದು.
ಎರಡು ಒಟ್ಟಿಗೆ ಕಿತ್ತರೆ ಯಾವುದರಿಂದ ವಾಸಿಯಾಯಿತೆಂದು
ಮಾದಪ್ಪನಿಗೂ ತಿಳಿಯದು.
ಹೊರಗೆ ಯಾರೋ, "ಹಾಲು ಒಡ್ದೋಯ್ತದೆ ಕಣಮ್ಮೋ!"
ಐದನೆಯದು ಕಿತ್ತೆ.
ದೀಪಗಳು ನಿಧಾನವಾದವು,
ಮೆಲುಕು ಹಾಕುವ ಹಸುವಿನ ದವಡೆಯಂತೆ.

ಆ ತಂತಿಯನ್ನು ಬೆರಳಲ್ಲೇ ಹಿಂಬಾಲಿಸಿದೆ,
ಮೇಜಿನ ಕೆಳಗೆ, ಹಿಂಡಿ ಚೀಲದ ಹಿಂದೆ,
ಬಳಸಿ, ಮತ್ತೆ ಮೇಲೆ ಬಂದು,
ಅದೇ ಸ್ವಿಚ್ಚಿನ ಇನ್ನೊಂದು ತೂತು!
ಕಾಲುವೆಯ ಬಾಲ ಕಾಲುವೆಯ ಬಾಯಿಗೆ.
ಅದೇ ನೀರು ಸುತ್ತಿ ಸುತ್ತಿ ಏರಿ ಒಡೆಯುವಷ್ಟು,
ಗದ್ದೆಗೆ ಹನಿಯಿಲ್ಲ.

"ಯಾರು ಮಾಡಿದ್ದು?" ಗೌಡರ ದನಿ ಏರಿತು.
ಬಾಗಿಲಲ್ಲಿ ಪೊರಕೆ ಹಿಡಿದ ದುಂಡಮ್ಮ ನೆಲ ನೋಡಿದಳು.
ಬೆಳಿಗ್ಗೆ ಗುಡಿಸುವಾಗ ಒಂದು ತುದಿ ನೇತಾಡುತ್ತಿತ್ತು,
ಖಾಲಿ ತೂತೊಂದು ಕಂಡಿತು,
ಒಪ್ಪ ಮಾಡಿದ್ದಳು.
ಹೋದ ಸಲ ಆ ತುದಿಗೆ ಚೀಟಿ ಅಂಟಿಸದೆ
ಬಸ್ಸಿಗೆ ಹೊತ್ತಾಯಿತೆಂದು ಓಡಿದವಳು ನಾನು.

ವಹಿಯಲ್ಲಿ ಬರೆದೆ: ತಂತಿ ದೋಷ.
ಗೌಡರು ಆ ಎರಡು ಪದವನ್ನು ತುಂಬ ಹೊತ್ತು ಓದಿದರು.
ದುಂಡಮ್ಮ ಹಳೆ ಸೀರೆಯ ಕೆಂಪು ಅಂಚು ಹರಿದು ತಂದಳು,
ನಾವಿಬ್ಬರೂ ಸೇರಿ ತುದಿಗೆ ಗಂಟು ಹಾಕಿದೆವು.
ಕೆಂಪು ಕಂಡರೆ ಚುಚ್ಚಬಾರದು, ಒಪ್ಪಂದ.

ಮೊದಲ ಚೀಟಿ ಹೊರಬಂತು: ಫ್ಯಾಟು ನಾಲ್ಕು ಒಂದು.
"ಹೊರಡ್ಮಾ ಅಕ್ಕ?" ನಿಂಗರಾಜ ಚೀಲ ಏರಿಸಿದ್ದ.
ಕೂತ್ಕೊ ಎಂದೆ.
ಕಟ್ಟು ಬಿಡಿಸಿದ ಮೇಲೆ ಅಪ್ಪ ಮನೆಗೆ ಬರುತ್ತಿರಲಿಲ್ಲ,
ನೀರಿನ ಜೊತೆಗೇ ನಡೆದು
ಕೊನೆ ಗದ್ದೆಯ ಮಣ್ಣು ನೆನೆಯುವುದನ್ನು ಕಾಯುತ್ತಿದ್ದ.
ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ,
ಸ್ಟೀಲ್ ಸೋರೆಯಲ್ಲಿ ಒಂದೂವರೆ ಲೀಟರು.
ಅವಳ ಚೀಟಿ ಬರಲಿ.