ಹದಿನಾಲ್ಕನೆಯ ಮಾದರಿ

ಮನಾಮಾದ ಗುದೈಬಿಯಾ, ಇಕ್ಕಟ್ಟು ಗಲ್ಲಿಯ ಕೊನೆ.
ನಾಲ್ಕು ಮಹಡಿ. ಬಾಗಿಲ ನೆತ್ತಿಯಲ್ಲಿ ಕಟ್ಟಿದ ವರ್ಷ: ೧೯೭೩.
ಬಾಡಿಗೆಯವರೆಲ್ಲ ಹೋಗಿಯಾಗಿದೆ, ಬುಲ್ಡೋಜರು ಮುಂದಿನ ತಿಂಗಳು.
ಅದಕ್ಕೆ ಮೊದಲು ನಾನು:
ಒಂದು ಉಳಿ, ಚಿಮಟ, ಸೋಪುನೀರಿನ ಸ್ಪ್ರೇ ಬಾಟಲಿ,
ಜಿಪ್ ಚೀಲಗಳ ಕಟ್ಟು.

ಆಗಸ್ಟು. ನಡುಹಗಲು ಹೊರಗೆ ಕೆಲಸ ಮಾಡಿಸುವಂತಿಲ್ಲ, ಕಾನೂನು.
ಐದಕ್ಕೇ ಬಂದೆ. ಕಡಲ ಕಡೆಯಿಂದ ಬಂದ ಗಾಳಿಯೂ
ಬೆವತುಕೊಂಡೇ ಬಂದಿತ್ತು.

ಕೀಲಿಗೊಂಚಲು ಹಿಡಿದು ನಿಂತವರು ಪೊಡಿಯಬ್ಬ,
ಉಪ್ಪಿನಂಗಡಿ ಕಡೆಯವರು, ಮೂವತ್ತೇಳು ವರ್ಷದ ವಾಚ್‌ಮನ್.
'ಹೊಸಪೇಟೆಯಿಂದ ಇಲ್ಲಿವರೆಗೆ
ಗೋಡೆ ಕೆರೆಯಲಿಕ್ಕೆ ಬಂದದ್ದಾ ಮಾರಾಯ್ತಿ?'
ಮಾಸ್ಕ್ ಕೊಟ್ಟೆ; ಗಡ್ಡದ ಮೇಲೆ ಕೂರಲಿಲ್ಲ.
ದೂರ ನಿಲ್ಲಿ ಎಂದರೆ ಕೇಳುವವರಲ್ಲ.

ಒಂದು: ಅಡುಗೆಮನೆಯ ನೆಲ, ವಿನೈಲಿನ ಅಡಿಯ ಕಪ್ಪು ಅಂಟು.
ನಾಲ್ಕು: ಕೊಳವೆಗೆ ಸುತ್ತಿದ ಬಿಳಿ ಪಟ್ಟಿ.
ಒಂಬತ್ತು: ಫ್ಯೂಸ್ ಪೆಟ್ಟಿಗೆಯ ಬೆನ್ನಹಲಗೆ.
ನೀರು ಚಿಮುಕಿಸು, ಕಾಯಿ, ಹೆಬ್ಬೆರಳ ಉಗುರಷ್ಟು ಕತ್ತರಿಸು,
ಚೀಲದೊಳಗೆ ಚೀಲ, ತೂತಿಗೆ ಪುಟ್ಟಿ, ಸಂಖ್ಯೆ ಬರೆ.
ಧೂಳೇಳಬಾರದು, ವಿದ್ಯೆಯೆಲ್ಲ ಇಷ್ಟೇ.
ಅಮ್ಮನಿಗೆ ಗೊತ್ತಿತ್ತು: ಕಸಬರಿಗೆ ಮುಟ್ಟುವ ಮೊದಲು
ಅಂಗಳಕ್ಕೆ ನೀರು.
ನನಗೆ ಅದಕ್ಕೆ ಇಂಗ್ಲೆಂಡಿನ ಸರ್ಟಿಫಿಕೇಟು ಬೇಕಾಯಿತು.

'ಎಂಥ ಉಂಟು ಅದರೊಳಗೆ?'
ಕಲ್ನಾರು, ಎಂದೆ.
'ಕಲ್ಲಿಗೆ ನಾರಾ?'
ಬಾಳೆಗಿದೆ, ಕತ್ತಾಳೆಗಿದೆ, ಕಲ್ಲಿಗೂ ಇದೆ.
ಬೆಂಕಿ ತಿನ್ನದ್ದು, ಗೆದ್ದಲು ಮುಟ್ಟದ್ದು.
ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಅಂತಾರಲ್ಲ,
ಇದು ಹೋಗುವುದು ಉಸಿರಿನ ಸಂಗಡ.
ಹೋದದ್ದು ಅಲ್ಲೇ ಬಿಡಾರ ಹೂಡುತ್ತದೆ.
ಇಷ್ಟು ಹೇಳಬಾರದಿತ್ತು. ಹೇಳಿಯಾಗಿತ್ತು.

ತಾರಸಿ. ಹದಿನಾಲ್ಕು.
ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಒಂದು ಕೋಣೆ,
ಮೇಲೆ ಅಲೆಅಲೆಯಾದ ಬೂದು ಶೀಟು,
ಒಳಗೆ ಮಂಚ, ಇಸ್ತ್ರಿಪೆಟ್ಟಿಗೆ, ಪಾರಿವಾಳಕ್ಕೆ ಗೋಧಿ.
'ಇದು ನನ್ನದು' ಎಂದರು ಪೊಡಿಯಬ್ಬ.
'ಎಂಬತ್ತೊಂಬತ್ತರಲ್ಲಿ ನಾನೇ ಹೊದೆಸಿದ್ದು.
ಗರಗಸ ಹಾಕಿದರೆ ಹಿಟ್ಟಿನ ಗಿರಣಿ! ಹುಬ್ಬು ಮೀಸೆ ಎಲ್ಲ ಬಿಳಿ.
ಅವಳಿಗೆ ಫೋಟೋ ಕಳಿಸಿದ್ದೆ, ನೋಡು, ಮುದುಕನಾದೆ ಅಂತ.'
ನಕ್ಕರು. ನಗುವಿನ ಬಾಲ ಕೆಮ್ಮಿಗೆ ಸಿಕ್ಕಿಕೊಂಡಿತು.
ಬರೀ ಕೆಮ್ಮಿರಬಹುದು.
ಈ ಊರಲ್ಲಿ ಎಸಿಗೆ, ಮರಳಿಗೆ, ಎಲ್ಲರೂ ಕೆಮ್ಮುತ್ತಾರೆ.
'ಪೊಡಿ ಅಂದ್ರೆ ನಮ್ಮಲ್ಲಿ ಧೂಳು. ಹೆಸರಲ್ಲೇ ಉಂಟಲ್ಲ ನನಗೆ.'

ಒಡೆಯುವಾಗ ಎರಡು ಶೀಟು ಎತ್ತಿಡಿ, ಎಂದರು,
ಕಾರ್ಗೋದಲ್ಲಿ ತಮ್ಮನಿಗೆ. ಗಟ್ಟಿ ಮಾಲು.
ಬೇಡ ಎಂದೆ; ಎಂದವಳು ಐದನೇ ಇಯತ್ತೆಯವರೆಗೆ
ಅಂಥದೇ ಶೀಟಿನಡಿ ಕೂತು ಮಗ್ಗಿ ಕಲಿತವಳು.
ನಮ್ಮೂರ ಸಿಮೆಂಟಂಗಡಿಯ ಮುಂದೆ ಈಗಲೂ
ಗೋಡೆಗೆ ಒರಗಿ ನಿಂತಿರುತ್ತವೆ, ಸಾಲಾಗಿ.

ಲ್ಯಾಬು. ಎಣ್ಣೆಯ ಒಂದು ಹನಿಯಲ್ಲಿ ಹದಿನಾಲ್ಕು.
ಬೆಳಕು ತಿರುಗಿಸಿದೆ: ಗುಂಗುರು ಎಳೆ, ನೇರಳೆ,
ಇನ್ನಷ್ಟು ತಿರುಗಿಸಿದೆ: ನವಿಲಕೊರಳ ನೀಲಿ.
ಚಂದ ಎನ್ನಬಾರದು. ಚಂದವಿತ್ತು.

ವರದಿ. ಸ್ಥಿತಿ: ಅಂಚು ಒಡೆದಿದೆ. ವಿಸ್ತೀರ್ಣ: ಹನ್ನೊಂದು ಚದರ ಮೀಟರು.
ಒದ್ದೆ ಮಾಡಿ, ಇಡಿಯಾಗಿ ಇಳಿಸಿ,
ಎರಡು ಪದರ ಪ್ಲಾಸ್ಟಿಕ್ಕಲ್ಲಿ ಸುತ್ತಿ, ಚೀಟಿ ಅಂಟಿಸಿ ಹೂಳುವುದು.
ಷರಾ ಎಂಬಲ್ಲಿ ಬರೆದೆ:
ಇದರಡಿ ಒಬ್ಬರು ಮಲಗುತ್ತಾರೆ. ಎದೆಯ ಎಕ್ಸ್‌ರೇ ತೆಗೆಸಿ.
ಮ್ಯಾನೇಜರು ಗೆರೆ ಎಳೆದರು. ಇದು ಕಟ್ಟಡದ ವರದಿ, ಎಂದರು.
ಸುಳ್ಳೇನಲ್ಲ.

ಅವತ್ತು ನಾನು ಮೆಟ್ಟಿಲಿಳಿಯುವಾಗ
ಪೊಡಿಯಬ್ಬ ಪೊರಕೆ ಕೈಗೆತ್ತಿಕೊಂಡಿದ್ದರು.
ನನ್ನನ್ನು ನೋಡಿ ನಿಲ್ಲಿಸಿದರು.
ಪಾರಿವಾಳದ ಬಟ್ಟಲಿಂದ ಬೊಗಸೆ ನೀರು ತೆಗೆದು
ಮಂಚದ ಸುತ್ತ ಚಿಮುಕಿಸಿ,
'ಹೀಗಾ?' ಎಂದು ಕೇಳಿದರು.